ಕೇಳದೆ ಬರೆದ ಉತ್ತರ

ಪ್ರಾಜೆಕ್ಟ್ ಒಪ್ಪಿಸುವ ಕೊನೆಯ ದಿನ ಕಳೆದ ಮೇಲೆ ಪದವಿಪೂರ್ವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೇಜು ಕಾಣುವುದಿಲ್ಲ, ಫೈಲುಗಳ ರಾಶಿ ಮಾತ್ರ ಕಾಣುತ್ತದೆ. ವ್ಯವಹಾರ ಅಧ್ಯಯನ ಕಲಿಸುವ ನನಗೆ ಆ ಹತ್ತು ಹದಿನೈದು ದಿನ ಬೇರೆ ಓದಿಲ್ಲ. ಕೆಲವು ವರ್ಷಗಳ ಹಿಂದೆ ಹಾಗೆ ಓದುತ್ತಾ ಕೂತಿದ್ದಾಗ ಒಬ್ಬ ಹುಡುಗನ ಫೈಲು ಕೈಗೆ ಬಂತು. ನಮ್ಮೂರಿನ ಗ್ರಾಹಕರು ಸ್ನಾನದ ಸೋಪನ್ನು ಹೇಗೆ ಆರಿಸುತ್ತಾರೆ ಎಂಬುದು ವಿಷಯ. ಐವತ್ತು ಜನರನ್ನು ಕೇಳಿದ್ದಾನೆ. ತುಂಬಿದ ಐವತ್ತೂ ಪ್ರಶ್ನಾವಳಿಗಳನ್ನು ಹಿಂದೆ ಸೇರಿಸಿ ಹೊಲಿದಿದ್ದಾನೆ. ಬಣ್ಣ ಬಣ್ಣದ ಪೈ ಚಾರ್ಟು, ಮುದ್ದಾದ ಅಕ್ಷರ, ಮೊದಲ ಪುಟದಲ್ಲಿ ತಂದೆ ತಾಯಿಗೂ ನನಗೂ ಕೃತಜ್ಞತೆ. ಪುಟ ತಿರುವುತ್ತಾ ಹೋದವಳು ವಯಸ್ಸಿನ ಕಾಲಮ್ಮಿನಲ್ಲಿ ನಿಂತೆ. 37, 43, 28, 52, 31, 46, 39. ಐವತ್ತು ಜನರಲ್ಲಿ ಒಬ್ಬರಿಗೂ ಸರಿಯಾಗಿ ನಲವತ್ತಾಗಿರಲಿಲ್ಲ. ಮೂವತ್ತೈದರವರೂ ಇಲ್ಲ, ಐವತ್ತರವರೂ ಇಲ್ಲ.

ನಮ್ಮ ಊರುಗಳಲ್ಲಿ ಮನೆಮನೆಗೆ ಹೋಗಿ ವಯಸ್ಸು ಕೇಳಿದವರಿಗೆ ಇದು ಎಷ್ಟು ಅಸಾಧ್ಯವೆಂದು ತಕ್ಷಣ ಹೊಳೆಯುತ್ತದೆ. ‘ನಿಮಗೆಷ್ಟು ವಯಸ್ಸು?’ ಎಂದರೆ ‘ಒಂದು ನಲವತ್ತು ಅಂತ ಬರ್ಕೊ’ ಎನ್ನುವವರು ನಮ್ಮವರು. ನಮ್ಮ ದೇಶದ ಜನಗಣತಿಯ ವಯಸ್ಸಿನ ಪಟ್ಟಿಗಳಲ್ಲೇ ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ವಯಸ್ಸುಗಳ ಹತ್ತಿರ ಜನ ಗುಂಪುಗುಂಪಾಗಿ ಬಂದು ಸೇರುತ್ತಾರೆ. ಆ ಗುಂಪುಗೂಡುವಿಕೆಯನ್ನು ಅಳೆಯಲೆಂದೇ ಜನಸಂಖ್ಯಾ ತಜ್ಞರ ಬಳಿ ವಿಪಲ್ ಸೂಚ್ಯಂಕ ಎಂಬ ಅಳತೆಗೋಲಿದೆ. ನಿಜವಾಗಿ ಕೇಳಿದವರ ಹಾಳೆಯಲ್ಲಿ ದುಂಡು ಸಂಖ್ಯೆಗಳು ತಾವಾಗಿಯೇ ಬಂದು ಬೀಳುತ್ತವೆ. ಕೂತಲ್ಲೇ ಬರೆಯುವವರು ದುಂಡು ಸಂಖ್ಯೆ ಬರೆದರೆ ಸಿಕ್ಕಿಬೀಳುತ್ತೇವೆಂದು ಹೆದರಿ 37, 43 ಎಂದು ಹುಡುಕಿ ಹುಡುಕಿ ಬರೆಯುತ್ತಾರೆ.

ಹುಡುಗನನ್ನು ಕರೆಸಿದೆ. ಗದರಲಿಲ್ಲ. ‘ಐವತ್ತು ಜನರಲ್ಲಿ ಯಾರಾದರೂ ಒಬ್ಬರು ಸೋಪಿನ ಬಗ್ಗೆ ಆಡಿದ ಒಂದು ಮಾತು ನೆನಪಿದ್ದರೆ ಹೇಳು’ ಎಂದೆ. ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, ‘ಆರು ಜನರನ್ನ ಕೇಳಿದ್ದೆ ಮೇಡಂ. ಆಮೇಲೆ ಯಾರೂ ಸಿಗಲಿಲ್ಲ. ನೀವು ಐವತ್ತು ಬೇಕು ಅಂದಿದ್ರಿ’ ಎಂದ.

‘ನೀವು ಐವತ್ತು ಬೇಕು ಅಂದಿದ್ರಿ.’ ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಹಿಂದಿನ ಎಷ್ಟೋ ವರ್ಷ ಇಂಥ ಫೈಲುಗಳಿಗೆ ಅಂದ ನೋಡಿ, ದಪ್ಪ ನೋಡಿ ಪೂರ್ತಿ ಅಂಕ ಕೊಟ್ಟವಳು ನಾನೇ. ಅವುಗಳಲ್ಲಿ ಎಷ್ಟು ಉತ್ತರಗಳನ್ನು ನಿಜವಾಗಿ ಯಾರೋ ಕೊಟ್ಟಿದ್ದರು, ಎಷ್ಟು ಉತ್ತರಗಳು ಹಾಸ್ಟೆಲಿನ ಮಂಚದ ಮೇಲೆ ಹುಟ್ಟಿದ್ದವು ಎಂದು ಒಮ್ಮೆಯೂ ಕೇಳಿರಲಿಲ್ಲ.

ಇದು ಒಂದು ಕಾಲೇಜಿನ ಮಾತಲ್ಲ. ಸಿಬಿಎಸ್‌ಇ ಶಾಲೆಗಳ ಹನ್ನೆರಡನೇ ತರಗತಿಯಲ್ಲಿ ವ್ಯವಹಾರ ಅಧ್ಯಯನಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಪ್ರಾಜೆಕ್ಟ್. ನಮ್ಮ ರಾಜ್ಯದ ಪದವಿಪೂರ್ವ ಶಿಕ್ಷಣದಲ್ಲೂ 2023–24ರಿಂದ ಪ್ರಯೋಗಾಲಯವಿಲ್ಲದ ವಿಷಯಗಳಿಗೆ 20 ಅಂಕಗಳ ಆಂತರಿಕ ಮೌಲ್ಯಮಾಪನ ಬಂದಿದೆ, ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಹದಿನಾರು ಹದಿನೇಳು ವಯಸ್ಸಿನ ಅಸಂಖ್ಯ ಮಕ್ಕಳು ಪ್ರತಿವರ್ಷ ಕೈಯಲ್ಲಿ ಒಂದು ಪ್ರಶ್ನಾವಳಿ ಹಿಡಿದು ಬೀದಿಗೆ ಇಳಿಯಬೇಕು. ಇಳಿಯುತ್ತಾರೆಯೇ ಎಂಬುದೇ ಪ್ರಶ್ನೆ. ಕಾಲೇಜುಗಳ ಎದುರಿನ ಎಷ್ಟೋ ಜೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಪ್ರಾಜೆಕ್ಟುಗಳು ಸಿದ್ಧವಾಗಿ ಸಿಗುತ್ತವೆ. ಹೆಸರು, ರಿಜಿಸ್ಟರ್ ನಂಬರು ಬದಲಿಸಿದರೆ ಸಾಕು.

ಪಠ್ಯಪುಸ್ತಕದಲ್ಲಿ ದತ್ತಾಂಶ ಎರಡು ಬಗೆ ಎಂದು ಓದುತ್ತೇವೆ. ಇನ್ನೊಬ್ಬರು ಕಲೆಹಾಕಿಟ್ಟದ್ದನ್ನು, ಅಂದರೆ ಸರ್ಕಾರಿ ವರದಿ, ಪತ್ರಿಕೆ, ಕಂಪನಿಯ ವಾರ್ಷಿಕ ಲೆಕ್ಕಪತ್ರ ಇಂಥವನ್ನು ಬಳಸಿದರೆ ಅದು ದ್ವಿತೀಯಕ. ನಾವೇ ಮೊದಲ ಸಲ ಹೋಗಿ ಕೇಳಿ, ನೋಡಿ, ಎಣಿಸಿ ತಂದದ್ದು ಪ್ರಾಥಮಿಕ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇವೆರಡರ ನಡುವೆ ಪುಸ್ತಕ ಒತ್ತಿ ಹೇಳದ ಒಂದು ವ್ಯತ್ಯಾಸವಿದೆ. ದ್ವಿತೀಯಕ ಅಂಕಿಯ ಬಗ್ಗೆ ಅನುಮಾನ ಬಂದರೆ ಆ ವರದಿಯನ್ನು ತೆರೆದು ನೋಡಬಹುದು. ಸಂತೆಯಲ್ಲಿ ಒಬ್ಬ ಹುಡುಗಿ ಒಬ್ಬ ವ್ಯಾಪಾರಿಯನ್ನು ಕೇಳಿ ತಂದ ಉತ್ತರದ ಬಗ್ಗೆ ಅನುಮಾನ ಬಂದರೆ ತೆರೆದು ನೋಡಲು ಯಾವ ಪುಸ್ತಕವೂ ಇಲ್ಲ. ಆ ಮಾತಿಗೆ ಅವಳೊಬ್ಬಳೇ ಸಾಕ್ಷಿ. ಅವಳು ಕಂಡದ್ದನ್ನು ಕಂಡಂತೆ ಹೇಳದಿದ್ದರೆ ಲೋಕದಲ್ಲಿ ಮತ್ತೆ ಯಾರೂ ಅದನ್ನು ಹೇಳಲಾರರು. ಪ್ರಾಥಮಿಕ ಸಂಶೋಧನೆಯ ಭಾರವೆಲ್ಲ ಅಲ್ಲಿದೆ.

ಆ ಹುಡುಗನ ಮಾತು ಕೇಳಿದ ಮೇಲೆ ನಾನು ಸಂಖ್ಯೆ ಹೇಳುವುದನ್ನು ಬಿಟ್ಟೆ. ಸಿಕ್ಕಷ್ಟು ಜನರನ್ನು ಕೇಳಿ, ಯಾರು ಉತ್ತರ ಕೊಡಲಿಲ್ಲ ಎಂಬುದನ್ನೂ ಬರೆಯಿರಿ ಎಂದಷ್ಟೇ ಹೇಳತೊಡಗಿದೆ. ಮುಂದೊಂದು ವರ್ಷ ಒಬ್ಬ ಹುಡುಗಿ ಸಂತೆಯ ದಿನ ಬಸ್ ನಿಲ್ದಾಣದ ಸುತ್ತಲಿನ ಸಣ್ಣ ವ್ಯಾಪಾರಿಗಳ ಬಳಿ ಹೋಗಿ, ಫೋನಿನಲ್ಲಿ ಹಣ ಪಡೆಯುವುದು ಅವರಿಗೆ ಅನುಕೂಲವೇ ಎಂದು ವಿಚಾರಿಸಿಕೊಂಡು ಬಂದಳು. ಹತ್ತೊಂಬತ್ತು ಜನರನ್ನು ಮಾತಾಡಿಸಿದ್ದಳು. ಎಂಟು ಜನ ‘ಹೋಗಮ್ಮ, ವ್ಯಾಪಾರದ ಹೊತ್ತು’ ಎಂದು ಕಳಿಸಿದ್ದರು. ಉಳಿದವರು ಹನ್ನೊಂದು.

ಆ ಹನ್ನೊಂದರಲ್ಲಿ ಹೂ ಮಾರುವ ಅಜ್ಜಿ ಒಬ್ಬರಿದ್ದರು. ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಕೋಡಿನ ಹಾಳೆಯೂ ಇತ್ತು, ಹಣ ಬಂದರೆ ಕೂಗಿ ಹೇಳುವ ಡಬ್ಬವೂ ಇತ್ತು. ಹುಡುಗಿಯ ಹಾಳೆಯಲ್ಲಿ ‘ಹೌದು’, ‘ಇಲ್ಲ’ ಎಂದು ಎರಡೇ ಚೌಕ. ಅಜ್ಜಿ ಹೇಳಿದ್ದನ್ನು ಅವಳು ಹಾಗೆಯೇ ಬರೆದುಕೊಂಡಿದ್ದಳು: ‘ಡಬ್ಬ ಏನೋ ಕೂಗುತ್ತೆ ಕಣವ್ವ, ದುಡ್ಡು ನನ್ನ ಕೈಗೆ ಬರಲ್ಲ. ಅಕೌಂಟು ಮಗಂದು. ಬೆಳಗಿನ ಜಾವ ಮಂಡಿಗೆ ಹೋದ್ರೆ ಅಲ್ಲಿ ನೋಟೇ ಕೊಡ್ಬೇಕು. ಸಂಜೆ ಮಗನ್ನ ಕೇಳಿ ಇಸ್ಕೊಬೇಕು. ಕೊಟ್ರೆ ಕೊಟ್ಟ, ಇಲ್ಲಾಂದ್ರೆ ಮಾರನೇ ದಿನ ಹೂವು ಕಮ್ಮಿ.’

ಇದಕ್ಕೆ ಹೌದು ಎಂದು ಗುರುತು ಹಾಕುವುದೋ, ಇಲ್ಲ ಎಂದೋ? ಹುಡುಗಿ ಎರಡರಲ್ಲೂ ಹಾಕಲಿಲ್ಲ. ಪಕ್ಕದಲ್ಲಿ ಪೆನ್ನಿನಿಂದ ಮೂರನೆಯ ಚೌಕವೊಂದನ್ನು ಬರೆದು, ಅದರ ಮುಂದೆ ‘ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದರ ಮೇಲೆ’ ಎಂದು ಬರೆದಿದ್ದಳು. ವರದಿಯ ಕೊನೆಗೆ, ‘ನನ್ನ ಪ್ರಶ್ನೆ ಸರಿಯಿರಲಿಲ್ಲ. ಮುಂದೆ ಕೇಳುವವರು ಮೊದಲು ಖಾತೆ ಯಾರದೆಂದು ಕೇಳಬೇಕು’ ಎಂಬ ಎರಡು ಸಾಲು. ದುಡಿಯುವ ಬಂಡವಾಳದ ಪಾಠವನ್ನು ನಾನು ಕರಿಹಲಗೆಯ ಮೇಲೆ ವರ್ಷಗಟ್ಟಲೆ ಬರೆದಿದ್ದೇನೆ. ನಾಳೆಯ ಸರಕಿಗೆ ಇವತ್ತು ಕೈಯಲ್ಲಿ ಇರಬೇಕಾದ ಹಣ ಎಂದರೆ ಏನು, ಅದು ಒಂದು ರಾತ್ರಿ ತಡವಾದರೆ ವ್ಯಾಪಾರ ಹೇಗೆ ಕುಗ್ಗುತ್ತದೆ ಎಂಬುದನ್ನು ಆ ಅಜ್ಜಿಯಷ್ಟು ಸ್ಪಷ್ಟವಾಗಿ ನಾನು ಹೇಳಿಕೊಟ್ಟಿರಲಿಲ್ಲ.

ಮನೆಯಲ್ಲಿ ಕೂತು ಐವತ್ತು ಹಾಳೆ ತುಂಬುವ ವಿದ್ಯಾರ್ಥಿ ಈ ಅಜ್ಜಿಯನ್ನು ಎಂದಿಗೂ ಸೃಷ್ಟಿಸಲಾರ. ಅವನು ತನಗೆ ಮೊದಲೇ ಗೊತ್ತಿದ್ದುದನ್ನು ಮಾತ್ರ ಬರೆಯಬಲ್ಲ. ಫೋನಿನಲ್ಲಿ ಹಣ ಪಡೆಯುವುದು ಅನುಕೂಲ ಎಂದು ಅವನಿಗೆ ಅನ್ನಿಸಿದ್ದರೆ ಶೇಕಡ 80ರಷ್ಟು ಜನ ಅದನ್ನೇ ಹೇಳುತ್ತಾರೆ, ಶೇಕಡ 20ರಷ್ಟು ಜನ ಮರ್ಯಾದೆಗೆಂದು ಬೇರೆ ಹೇಳುತ್ತಾರೆ. ಸುಳ್ಳು ಸಮೀಕ್ಷೆಯಿಂದ ಮೊದಲ ನಷ್ಟ ಆಗುವುದು ಅದನ್ನು ಮಾಡಿದವನಿಗೆ. ಎರಡು ವಾರದ ಕೆಲಸ ಮುಗಿದ ಮೇಲೂ ಅವನಿಗೆ ಮೊದಲ ದಿನ ಗೊತ್ತಿದ್ದಷ್ಟೇ ಗೊತ್ತಿರುತ್ತದೆ.

ಆ ಎಂಟು ಜನ ಯಾಕೆ ಉತ್ತರ ಕೊಡಲಿಲ್ಲ ಎಂಬುದೂ ಯೋಚಿಸಬೇಕಾದ ವಿಷಯ. ‘ವ್ಯಾಪಾರದ ಹೊತ್ತು’ ಎಂಬ ಮಾತಿನ ಹಿಂದೆ ಭಯವೂ ಇರಬಹುದು. 2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕೆಳಗಿಳಿದು ‘ಕ್ಯಾಶ್ ಮಾತ್ರ’ ಎಂಬ ಚೀಟಿ ಮೇಲೇರಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ ಎಂಬ ನಿಯಮ ಅಲ್ಲಿಯವರೆಗೆ ಕೇಳದಿದ್ದವರ ಕಿವಿಗೂ ಬಿತ್ತು. ಅಂಥ ಕಾಲದಲ್ಲಿ ಅಪರಿಚಿತ ಹುಡುಗನೊಬ್ಬ ಬಂದು ‘ಅಣ್ಣಾ, ನಿಮ್ಮ ತಿಂಗಳ ವ್ಯಾಪಾರ ಎಷ್ಟು? ಅದರಲ್ಲಿ ಫೋನಿಗೆ ಎಷ್ಟು ಬರುತ್ತೆ?’ ಎಂದು ಪೆನ್ನು ಹಿಡಿದು ನಿಂತರೆ ಅಂಗಡಿಯವರು ಏನೆಂದುಕೊಳ್ಳಬೇಕು? ಒಂದೋ ಬಾಯಿ ಮುಚ್ಚುತ್ತಾರೆ, ಇಲ್ಲವೇ ಕಡಿಮೆ ಹೇಳುತ್ತಾರೆ. ಕಡಿಮೆ ಹೇಳಿದ್ದನ್ನು ಬರೆದುಕೊಂಡು ಬಂದ ಹುಡುಗ ಸುಳ್ಳುಗಾರನಲ್ಲ, ಆದರೂ ಅವನ ಕೈಯಲ್ಲಿರುವುದು ಸುಳ್ಳು ಅಂಕಿ.

ಹಾಗಾಗಿ ಪ್ರಾಮಾಣಿಕತೆ ಹಾಳೆ ತುಂಬುವಾಗ ಶುರುವಾದರೆ ಸಾಲದು, ಅಂಗಡಿಯ ಮುಂದೆ ಬಾಯಿ ತೆರೆಯುವಾಗಲೇ ಶುರುವಾಗಬೇಕು. ನಾನು ಇಂಥ ಕಾಲೇಜಿನವಳು, ಇದು ಪ್ರಾಜೆಕ್ಟಿಗೆ ಮಾತ್ರ, ನಿಮ್ಮ ಹೆಸರು ಬರೆಯುವುದಿಲ್ಲ, ಬೇಡವೆನ್ನಿಸಿದರೆ ನಡುವೆಯೇ ನಿಲ್ಲಿಸಬಹುದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಹೇಳಿದ ಮೇಲೆ ಹೆಸರನ್ನು ನಿಜವಾಗಿಯೂ ಬರೆಯಬಾರದು. ಫೋಟೊ ಬೇಕಿದ್ದರೆ ಕೇಳಿ ತೆಗೆಯಬೇಕು, ಜೇಬಿನಲ್ಲಿ ಫೋನಿಟ್ಟು ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಬಾರದು. ದೇಶದ ಜನಗಣತಿ ಕೂಡ ಇದೇ ಭರವಸೆಯ ಮೇಲೆ ನಿಂತಿದೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರರಿಗೆ ನೀವು ಕೊಟ್ಟ ಮಾಹಿತಿ ಗುಪ್ತ. ಮಕ್ಕಳು ತಿಂಗಳ ವ್ಯಾಪಾರದ ಮೊತ್ತ ಕೇಳುವ ಅಗತ್ಯವೂ ಇಲ್ಲ. ‘ಈಗ ಬಂದ ಹತ್ತು ಗಿರಾಕಿಗಳಲ್ಲಿ ಫೋನಿನಲ್ಲಿ ಕೊಟ್ಟವರು ಎಷ್ಟು ಜನ?’ ಎಂದು ಕೇಳಿದರೆ ಯಾರಿಗೂ ಭಯವಾಗುವುದಿಲ್ಲ. ಅಂಗಡಿಯವರ ಒಪ್ಪಿಗೆ ಪಡೆದು ಪಕ್ಕದ ಕಟ್ಟೆಯ ಮೇಲೆ ಒಂದು ಗಂಟೆ ಕೂತು ತಾವೇ ಎಣಿಸಿದರೆ ಇನ್ನೂ ಒಳ್ಳೆಯದು. ಕಣ್ಣಿಂದ ನೋಡಿ ಎಣಿಸಿದ್ದೂ ಪ್ರಾಥಮಿಕ ದತ್ತಾಂಶವೇ ಎಂಬುದನ್ನು ನಮ್ಮ ಎಷ್ಟೋ ವಿದ್ಯಾರ್ಥಿಗಳು ಮರೆತುಬಿಡುತ್ತಾರೆ.

ಕೆಲವು ಸುಳ್ಳುಗಳು ಪ್ರಶ್ನೆಯ ಒಳಗೇ ಅಡಗಿ ಕೂತಿರುತ್ತವೆ. ‘ಪರಿಸರಕ್ಕೆ ಮಾರಕವಾದ ಪ್ಲಾಸ್ಟಿಕ್ ಕವರ್ ಬಿಟ್ಟು ಬಟ್ಟೆ ಚೀಲ ಬಳಸಲು ನೀವು ಸಿದ್ಧರೇ?’ ಎಂಬ ಪ್ರಶ್ನೆಯನ್ನು ನಾನು ಹತ್ತಾರು ಫೈಲುಗಳಲ್ಲಿ ನೋಡಿದ್ದೇನೆ. ಇದಕ್ಕೆ ಇಲ್ಲ ಎನ್ನುವ ಮನುಷ್ಯ ಎಲ್ಲಿ ಸಿಗುತ್ತಾನೆ? ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರಲ್ಲೇ ನಿಷೇಧ ಬಂದಿದೆ. ಆದ್ದರಿಂದ ಅಂಗಡಿಯವರೂ ನೇರ ಉತ್ತರ ಕೊಡುವುದಿಲ್ಲ. ಒಂದು ಗಂಟೆಯಲ್ಲಿ ಎಷ್ಟು ಜನ ಮನೆಯಿಂದ ಚೀಲ ತಂದರು ಎಂದು ಎಣಿಸಿದರೆ ಗೊತ್ತಾಗುವುದು ಐವತ್ತು ಪ್ರಶ್ನಾವಳಿಗಳಿಂದ ಗೊತ್ತಾಗುವುದಿಲ್ಲ.

ಇನ್ನು ಸಂಖ್ಯೆಯ ಮಾತು. ಹನ್ನೊಂದು ಉತ್ತರಗಳಿಂದ ಏನಾಗುತ್ತದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಐವತ್ತರಿಂದ ಏನಾಗುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಮಾದರಿಯ ಸಂಖ್ಯೆಯ ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿದರೆ ಫಲಿತಾಂಶ ಎಷ್ಟು ಆಚೀಚೆ ಆಗಬಹುದೆಂಬ ಸ್ಥೂಲ ಅಂದಾಜು ಸಿಗುತ್ತದೆ. ಐವತ್ತು ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದರೂ ಸುಮಾರು 14 ಶೇಕಡಾಂಶ ಆ ಕಡೆಗೋ ಈ ಕಡೆಗೋ ಜಾರಬಹುದು. ಶೇಕಡ 60 ಎಂದು ಬಂದದ್ದು ನಿಜದಲ್ಲಿ 46 ಇರಬಹುದು, 74 ಇರಬಹುದು. ಹಾಗಿರುವಾಗ ‘ಶೇಕಡ 63.64ರಷ್ಟು ವ್ಯಾಪಾರಿಗಳು’ ಎಂದು ದಶಮಾಂಶದ ಎರಡು ಸ್ಥಾನದವರೆಗೆ ಬರೆಯುವುದು ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದಂತೆ. ಆ ಹುಡುಗಿ ‘ಹನ್ನೊಂದು ಜನರಲ್ಲಿ ಏಳು ಜನ’ ಎಂದೇ ಬರೆದಿದ್ದಳು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ದೊಡ್ಡ ಸಂಖ್ಯೆ ಸತ್ಯಕ್ಕೆ ಜಾಮೀನಲ್ಲ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ಹಳೆಯ ಪಾಠ. ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಕಾರ್ಡು ಹೋದದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಮನೆಗೆ, ತಿರುಗಿ ಬಂದದ್ದು ಉತ್ತರಿಸುವ ಉಮೇದು ಇದ್ದವರಿಂದ. ಇಂದು ನಮ್ಮ ಮಕ್ಕಳು ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಒಂದು ಗಂಟೆಯಲ್ಲಿ ಎಪ್ಪತ್ತು ಉತ್ತರ ಬರುತ್ತದೆ. ಎಲ್ಲರಿಗೂ ಹದಿನೇಳು ವರ್ಷ, ಎಲ್ಲರ ಬಳಿಯೂ ಫೋನು. ಅದನ್ನು ‘ನಮ್ಮ ಕ್ಲಾಸಿನ ಎಪ್ಪತ್ತು ಜನ’ ಎಂದು ಬರೆದರೆ ಸರಿ. ‘ನಮ್ಮ ತಾಲ್ಲೂಕಿನ ಗ್ರಾಹಕರು’ ಎಂದು ಬರೆದರೆ ಪ್ರತಿಯೊಂದು ಉತ್ತರವೂ ನಿಜವಾಗಿದ್ದರೂ ವರದಿ ಸುಳ್ಳು.

ಉತ್ತರಗಳನ್ನು ಕೂತು ಬರೆಯುವುದು ಮಕ್ಕಳ ಕಾಯಿಲೆ ಮಾತ್ರ ಎಂದುಕೊಳ್ಳಬಾರದು. ಅಮೆರಿಕದ ಗಣತಿದಾರರಲ್ಲಿ ಇದಕ್ಕೆ ಒಂದು ಹೆಸರೇ ಇದೆ: ಕರ್ಬ್‌ಸ್ಟೋನಿಂಗ್. ಮನೆಯ ಬಾಗಿಲು ತಟ್ಟದೆ ರಸ್ತೆ ಬದಿಯ ಕಲ್ಲಂಚಿನಲ್ಲಿ ಕೂತು ಫಾರಂ ತುಂಬುವುದು ಎಂದು ಅರ್ಥ. ನಮ್ಮ ದೇಶದಲ್ಲಿ ಈ ಅಪಾಯವನ್ನು ಬಹಳ ಮೊದಲೇ ಗಂಭೀರವಾಗಿ ತೆಗೆದುಕೊಂಡವರು ಪ್ರಶಾಂತ ಚಂದ್ರ ಮಹಲನೋಬಿಸ್. ಕೋಲ್ಕತ್ತದಲ್ಲಿ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಅವರು 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗೆ ಕೈಹಾಕಿದರು. ಎಷ್ಟು ನೆಲದಲ್ಲಿ ಸೆಣಬಿದೆ ಎಂದು ಹೊಲಕ್ಕೆ ಹೋಗಿ ನೋಡಿ ಬರೆಯುವ ಕೆಲಸ. ಕೆಸರು, ಮಳೆ, ದೂರದ ಹಳ್ಳಿ. ಬರೆಯುವವರು ತಪ್ಪಬಹುದು, ಆಲಸ್ಯ ಮಾಡಬಹುದು. ಮಹಲನೋಬಿಸ್ ಒಂದೇ ಪ್ರದೇಶದಿಂದ ಎರಡು ಬೇರೆ ಬೇರೆ ಮಾದರಿಗಳನ್ನು ತೆಗೆದು, ಎರಡು ಬೇರೆ ತಂಡಗಳನ್ನು ಕಳಿಸಿದರು. ಒಂದು ತಂಡಕ್ಕೂ ಇನ್ನೊಂದು ತಂಡಕ್ಕೂ ಸಂಬಂಧವಿಲ್ಲ. ಎರಡು ಲೆಕ್ಕಗಳೂ ಹತ್ತಿರ ಬಂದರೆ ಸರಿ, ದೂರ ಹೋದರೆ ಎಲ್ಲೋ ತಪ್ಪಿದೆ. ಜನರನ್ನು ಕಳ್ಳರೆಂದು ಕರೆಯದೆ, ಮನುಷ್ಯರೆಂದು ಒಪ್ಪಿಕೊಂಡು ಕಟ್ಟಿದ ಕ್ರಮ ಇದು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. ಅವರ ಹುಟ್ಟುಹಬ್ಬವಾದ ಜೂನ್ 29ನ್ನು ನಾವು ಸಾಂಖ್ಯಿಕ ದಿನವೆಂದು ಆಚರಿಸುತ್ತೇವೆ. ಆ ದಿನ ಭಾಷಣ ಏರ್ಪಡಿಸುವ ಬದಲು ಇಬ್ಬರು ವಿದ್ಯಾರ್ಥಿಗಳನ್ನು ಬೇರೆ ಬೇರೆಯಾಗಿ ಒಂದೇ ಬೀದಿಗೆ ಕಳಿಸಿ, ಇಬ್ಬರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತರಗತಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ದೊಡ್ಡವರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ನೆದರ್‌ಲ್ಯಾಂಡ್ಸಿನ ಡೀಡೆರಿಕ್ ಸ್ಟಾಪೆಲ್ ಅವರ ಪ್ರಕರಣವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಟಿಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ಮನೋವಿಜ್ಞಾನದ ಹೆಸರಾಂತ ಪ್ರಾಧ್ಯಾಪಕ. ಕಸ ತುಂಬಿದ ಜಾಗದಲ್ಲಿ ಜನರ ಪೂರ್ವಗ್ರಹ ಹೆಚ್ಚುತ್ತದೆ, ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ ನೋಡಿದ್ದೇವೆ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ವಿದ್ಯಾರ್ಥಿಗಳ ಜೊತೆ ಕೂತು ಪ್ರಶ್ನಾವಳಿ ತಯಾರಿಸುವುದು, ಶಾಲೆಗಳಿಗೆ ನಾನೇ ಹೋಗಿ ತುಂಬಿಸಿಕೊಂಡು ಬರುತ್ತೇನೆ ಎನ್ನುವುದು, ಕೆಲವು ವಾರ ಬಿಟ್ಟು ಅಂಕಿಗಳ ಪಟ್ಟಿ ಕೊಡುವುದು ಅವರ ಪದ್ಧತಿಯಾಗಿತ್ತು. ಶಾಲೆಗಳಿಗೆ ಅವರು ಹೋಗುತ್ತಲೇ ಇರಲಿಲ್ಲ. ಅಂಕಿಗಳನ್ನು ತಾವೇ ಕೂತು ಬರೆಯುತ್ತಿದ್ದರು. ಅದೇ 2011ರಲ್ಲಿ ಅವರ ವಿಭಾಗದ ಮೂವರು ಯುವ ಸಂಶೋಧಕರು ಅನುಮಾನಪಟ್ಟು ಮೇಲಿನವರಿಗೆ ತಿಳಿಸಿದರು. ತನಿಖೆಯ ನಂತರ ಅವರ 58 ಪ್ರಬಂಧಗಳನ್ನು ಹಿಂದಕ್ಕೆ ಪಡೆಯಲಾಯಿತು. ಸ್ಟಾಪೆಲ್ ಕೊಟ್ಟ ಅಂಕಿಗಳನ್ನು ನಂಬಿ ಡಾಕ್ಟರೇಟ್ ಪ್ರಬಂಧ ಬರೆದ ವಿದ್ಯಾರ್ಥಿಗಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಆದರೂ ಅವರ ವರ್ಷಗಳ ದುಡಿಮೆ ಮಣ್ಣುಪಾಲಾಯಿತು. ನನಗೆ ಹೆಚ್ಚು ನೋವು ಕೊಡುವುದು ಆ ವಿದ್ಯಾರ್ಥಿಗಳ ಪಾಡು.

ಇದಕ್ಕೆ ಎದುರಾಗಿ ನಮ್ಮದೇ ನೆಲದ ಒಂದು ಉದಾಹರಣೆ ಇದೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನರ ಬದುಕನ್ನು ನೋಡಿ ಬರೆದುಕೊಂಡರು. ಊರಿನವರಿಗೆ ತೊಂದರೆಯಾಗಬಾರದೆಂದು ನಿಜವಾದ ಹೆಸರು ಬಿಟ್ಟು ‘ರಾಂಪುರ’ ಎಂದು ಕರೆದರು. ವರ್ಷಗಳ ಕಾಲ ಆ ಟಿಪ್ಪಣಿಗಳನ್ನು ವಿಂಗಡಿಸಿ, ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಮೂರೂ ಪ್ರತಿಗಳು ಸುಟ್ಟವು. ಆಮೇಲೆ ಅವರು ಬಹುಮಟ್ಟಿಗೆ ನೆನಪಿನಿಂದಲೇ ಪುಸ್ತಕ ಬರೆದರು. 1976ರಲ್ಲಿ ಬಂದ ಆ ಪುಸ್ತಕಕ್ಕೆ ‘ದಿ ರಿಮೆಂಬರ್ಡ್ ವಿಲೇಜ್’ ಎಂದು ಹೆಸರಿಟ್ಟರು. ನೆನಪಿನಲ್ಲಿ ಉಳಿದ ಹಳ್ಳಿ ಎಂದು. ಟಿಪ್ಪಣಿ ಕಳೆದುಕೊಂಡದ್ದನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಡಲಿಲ್ಲ, ರಕ್ಷಾಪುಟದ ಮೇಲೇ ಹೇಳಿದರು. ಸಮಾಜಶಾಸ್ತ್ರ ಓದುವವರು ಇಂದಿಗೂ ಅದನ್ನು ಓದುತ್ತಾರೆ. ಅಷ್ಟು ದೊಡ್ಡವರು ತಮ್ಮ ಕೈಯಲ್ಲಿ ಇಲ್ಲದ್ದನ್ನು ಇಲ್ಲವೆಂದು ಹೇಳಿದ್ದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಹಾಗಿದ್ದ ಮೇಲೆ ಆರು ಜನರನ್ನು ಕೇಳಿದ ಹುಡುಗ ಆರು ಎಂದು ಬರೆಯಲು ಯಾಕೆ ಹೆದರಬೇಕು?

ಹೆದರುವುದಕ್ಕೆ ನಾವು ಕಾರಣ ಕೊಟ್ಟಿದ್ದೇವೆ, ಅದಕ್ಕೆ. ಪಾಠ ಮುಗಿಸುವ ಅವಸರದಲ್ಲಿ ಪ್ರಾಜೆಕ್ಟಿಗೆ ಎರಡು ವಾರ ಗಡುವು ಕೊಡುತ್ತೇವೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಯರಿಗೆ ಸಂಜೆಯ ಮೇಲೆ ಪೇಟೆ ಸುತ್ತಲು ಮನೆಯಲ್ಲಿ ಬಿಡುವುದಿಲ್ಲ ಎಂಬುದು ನಮಗೆ ಗೊತ್ತು, ಆದರೂ ಅವರಿಂದಲೂ ಅಷ್ಟೇ ಪ್ರಶ್ನಾವಳಿ ಕೇಳುತ್ತೇವೆ. ಖಾಲಿ ಕಾಲಮ್ಮು ಕಂಡರೆ ಅಂಕ ಕಡಿಮೆ ಮಾಡುತ್ತೇವೆ. ನಿಜವಾದ ಸಮೀಕ್ಷೆಯಲ್ಲಿ ಖಾಲಿ ಬಿಟ್ಟ ಉತ್ತರ, ‘ಗೊತ್ತಿಲ್ಲ’ ಎಂಬ ಉತ್ತರ, ಮೂರನೇ ಪ್ರಶ್ನೆಗೂ ಏಳನೇ ಪ್ರಶ್ನೆಗೂ ಹೊಂದದ ಉತ್ತರ ಇದ್ದೇ ಇರುತ್ತವೆ. ಅವು ಇಲ್ಲದ ಫೈಲಿಗೆ ಹೆಚ್ಚು ಅಂಕ ಕೊಟ್ಟರೆ, ಮಕ್ಕಳು ಮಾರನೆಯ ವರ್ಷದ ತಮ್ಮಂದಿರಿಗೆ ಏನು ಹೇಳಿಕೊಡುತ್ತಾರೆ?

ಈಗ ಹೊಸದೊಂದು ಕಷ್ಟವೂ ಸೇರಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಹೇಳಿದರೆ ಐವತ್ತು ವ್ಯಾಪಾರಿಗಳ ಉತ್ತರಗಳನ್ನು ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ವಯಸ್ಸನ್ನು 40, 45, 50ರ ಸುತ್ತ ಗುಂಪುಗೂಡಿಸು ಎಂದರೆ ಅದನ್ನೂ ಮಾಡುತ್ತದೆ. ವಯಸ್ಸಿನ ಕಾಲಮ್ಮು ನೋಡಿ ನಾನು ಹಿಡಿದಂತೆ ಇನ್ನು ಮುಂದೆ ಹಿಡಿಯಲಾಗದು. ಹಿಡಿಯುವ ಆಟವನ್ನೇ ಬಿಡಬೇಕು ಎಂಬುದು ನನ್ನ ತೀರ್ಮಾನ. ನನ್ನ ತರಗತಿಯಲ್ಲಿ ಈಗ ಪೈ ಚಾರ್ಟಿಗೆ ಅಂಕವಿಲ್ಲ. ಪ್ರತಿಯೊಬ್ಬರೂ ಒಂದು ಚಿಕ್ಕ ನೋಟ್‌ಬುಕ್ ಇಡಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತು ಕೇಳಿದೆ, ಯಾರು ಬೇಡವೆಂದರು, ಯಾವ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ ಎಂದು ಅಲ್ಲೇ ಬರೆಯಬೇಕು. ಕೊನೆಯಲ್ಲಿ ನನ್ನೆದುರು ಕೂತು ಹತ್ತು ನಿಮಿಷ ಮಾತಾಡಬೇಕು. ನಾನು ಕೇಳುವ ಮೊದಲ ಪ್ರಶ್ನೆ, ‘ನೀನು ಅಂದುಕೊಂಡದ್ದಕ್ಕಿಂತ ಬೇರೆಯಾಗಿ ಬಂದದ್ದು ಏನು?’ ಎಂಬುದು. ನಿಜವಾಗಿ ಹೋಗಿ ಬಂದವರು ಇದಕ್ಕೆ ತಡೆಯಿಲ್ಲದೆ ಉತ್ತರಿಸುತ್ತಾರೆ, ಕೆಲವರನ್ನು ನಿಲ್ಲಿಸುವುದೇ ಕಷ್ಟ.

ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷ ಪ್ರಾಜೆಕ್ಟಿನ ಸೂಚನೆಯಲ್ಲಿ ‘ಕನಿಷ್ಠ ಐವತ್ತು’ ಎಂಬ ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ‘ಉತ್ತರ ಕೊಡದವರು ಎಷ್ಟು ಜನ, ಏಕೆ’ ಎಂಬ ಒಂದು ಕಾಲಮ್ಮು ಸೇರಿಸಿ. ಪೋಷಕರೇ, ಮಗಳು ಶನಿವಾರದ ಸಂತೆಗೆ ಪ್ರಶ್ನಾವಳಿ ಹಿಡಿದು ಹೋಗಬೇಕೆಂದರೆ ಬೇಡವೆನ್ನಬೇಡಿ, ಜೊತೆಗೆ ಹೋಗಿ ಸ್ವಲ್ಪ ದೂರ ನಿಲ್ಲಿ. ಅಂಗಡಿ ಇಟ್ಟಿರುವವರೇ, ಯೂನಿಫಾರ್ಮ್ ತೊಟ್ಟ ಮಗುವೊಂದು ಹಾಳೆ ಹಿಡಿದು ನಿಮ್ಮ ಮುಂದೆ ನಿಂತರೆ ಐದು ನಿಮಿಷ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಹೇಳಲು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎಂದೇ ಹೇಳಿ. ಅದನ್ನು ಬರೆದುಕೊಳ್ಳಲು ಅವರ ಹಾಳೆಯಲ್ಲಿ ಜಾಗವಿರುತ್ತದೆ.